ಚೌಕಿಯಲ್ಲಿ ಕಂಡ ರಾಕ್ಷಸ, ಮಲ್ಪೆಯ ಹುಡುಗಿ

ಹೋದ ಜೂನ್‌ನಲ್ಲಿ ಮಳೆ ಹಿಡಿದುಕೊಂಡ ಒಂದು ಮಧ್ಯಾಹ್ನ, ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ನಾನು ಬರೆದ ಸೂಪರ್‌ಹೀರೋ ಕತೆ ಓದಿದೆ. ಅಕ್ಕನ ಮಗಳು ಆರನೇ ಕ್ಲಾಸು, ಪಕ್ಕದ ಮನೆ ಹುಡುಗ ಐದನೇ ಕ್ಲಾಸು. ಕತೆಯ ನಾಯಕಿ ಮಲ್ಪೆಯ ಹುಡುಗಿ. ಒಂದೇ ಕೈಯಲ್ಲಿ ಬೋಟ್ ಎತ್ತುತ್ತಾಳೆ, ಬಿರುಗಾಳಿಯನ್ನು ತಡೆದು ನಿಲ್ಲಿಸುತ್ತಾಳೆ. ಮೂರನೇ ಪುಟಕ್ಕೆ ಬರುವಾಗ ಹುಡುಗನ ಗಮನವೆಲ್ಲ ಹಲಸಿನ ಹಪ್ಪಳದ ಮೇಲೆ. ಅಕ್ಕನ ಮಗಳು ಕೇಳಿದಳು: “ಚಿಕ್ಕಮ್ಮ, ಇವಳಿಗೆ ಕಷ್ಟವೇ ಇಲ್ವಾ?”

ಆ ರಾತ್ರಿ ನನಗೆ ಚೌಕಿ ನೆನಪಾಯಿತು. ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ ಅದು.

ನನಗಾಗ ಹತ್ತು ವರ್ಷ. ಅಜ್ಜನ ಜೊತೆ ಯಕ್ಷಗಾನ ಬಯಲಾಟಕ್ಕೆ ಹೋಗಿದ್ದೆ. ಆಟ ಶುರುವಾಗುವ ಮೊದಲು ಅಜ್ಜ ನನ್ನನ್ನು ಚೌಕಿಗೆ ಕರೆದುಕೊಂಡು ಹೋದರು. ಬಣ್ಣದ ವೇಷದವರೊಬ್ಬರು ಕನ್ನಡಿ ಹಿಡಿದು ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಬಿಳಿ ಮುಳ್ಳುಗಳು ಕೆನ್ನೆಯ ಮೇಲೆ ಒಂದೊಂದಾಗಿ ಏಳುತ್ತಿದ್ದವು. ಅರ್ಧ ಮುಖ ಮನುಷ್ಯನದು, ಇನ್ನರ್ಧ ರಾಕ್ಷಸನದು. ಆ ಅರ್ಧ ರಾಕ್ಷಸ ಅಜ್ಜನನ್ನು ನೋಡಿ, “ಶೆಟ್ರೇ, ದನ ಕರು ಹಾಕಿತಾ?” ಅಂತ ಕೇಳಿದರು. ನಡುರಾತ್ರಿ ಕಳೆದ ಮೇಲೆ ಅವರೇ ಆರ್ಭಟ ಕೊಡುತ್ತಾ ರಂಗಕ್ಕೆ ಬಂದರು. ನಾನು ಅಜ್ಜನ ಶಾಲಿನೊಳಗೆ ಸೇರಿಕೊಂಡೆ. ದನದ ವಿಷಯ ಕೇಳಿದವರು ಇವರೇ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಹೆದರಿಕೆ ಆಯಿತು.

ಒಂಬತ್ತರಿಂದ ಹನ್ನೆರಡರ ಮಕ್ಕಳ ಮನಸ್ಸು ಹೀಗೇ ಇರುತ್ತದೆ ಅಂತ ನನಗೆ ಅನಿಸುತ್ತದೆ. ತೀರಾ ಚಿಕ್ಕವರು ಬರೀ ಹೆದರುತ್ತಾರೆ. ದೊಡ್ಡವರು ಬಣ್ಣ ಚೆನ್ನಾಗಿದೆ ಅನ್ನುತ್ತಾರೆ. ಈ ವಯಸ್ಸಿನವರಿಗೆ ಬಣ್ಣವೂ ಗೊತ್ತು, ಹೆದರಿಕೆಯೂ ಬೇಕು. ಅವರಿಗೆ ರಂಗದ ಜೊತೆ ಚೌಕಿಯನ್ನೂ ತೋರಿಸಬೇಕು.

ಕತೆಯನ್ನು ಮೊದಲಿಂದ ಬರೆದೆ. ಹುಡುಗಿಯ ಅಮ್ಮ ಬಂದರಿನಲ್ಲಿ ಮೀನು ಮಾರುವವಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಮನೆಯಲ್ಲಿ ದುಡ್ಡು ಕಮ್ಮಿ. ಹುಡುಗಿಗೆ ಈಗ ಇರುವುದು ಒಂದೇ ಶಕ್ತಿ. ಮೊಣಕಾಲಿನವರೆಗೆ ನೀರಿಗೆ ಇಳಿದರೆ ಕಡಲೊಳಗಿನದ್ದೆಲ್ಲ ಕೇಳಿಸುತ್ತದೆ: ಕಲ್ಲಿಗೆ ಸಿಕ್ಕಿಕೊಂಡ ಬಲೆ, ಆ ಬಲೆಯಲ್ಲಿ ಒದ್ದಾಡುವ ಆಮೆ. ಆದರೆ ಅಷ್ಟು ಹೊತ್ತು ಮನುಷ್ಯರ ಮಾತು ಒಂದೂ ಕೇಳಿಸುವುದಿಲ್ಲ.

“ಅಮ್ಮ ಕರೆದ್ರೆ?” ಅಂದಳು ಅಕ್ಕನ ಮಗಳು. ಹಪ್ಪಳ ತಟ್ಟೆಯಲ್ಲೇ ಉಳಿಯಿತು.

ಹಳೇ ನೀತಿಕತೆಗಳನ್ನು ಮತ್ತೆ ಹೇಳುವಾಗಲೂ ನಾನು ಹುಡುಕುವುದು ಈ ಚೌಕಿಯನ್ನೇ. ಮಂಗ, ಮೊಸಳೆ ಕತೆ ಓದುವಾಗ ಪಕ್ಕದ ಮನೆ ಹುಡುಗ ಕೇಳಿದ: “ಮೊಸಳೆ ಹೆಂಡತಿ ಹತ್ರ ಯಾರೂ ಮಾತೇ ಆಡಿಲ್ಲ, ಅಲ್ವಾ?” ಹೌದಲ್ಲ! ಗಂಡ ದಿನವಿಡೀ ನೇರಳೆ ಮರದ ಕೆಳಗೆ ಹರಟೆ, ಇವಳು ಹೊಳೆಯಲ್ಲಿ ಒಬ್ಬಳೇ. ಮಕ್ಕಳು ಬರೆದ ಕತೆಯಲ್ಲಿ ಅವಳು ಗಂಡ ತಂದ ಹಣ್ಣು ತಿಂದು, ನೀಲಿಯಾದ ನಾಲಿಗೆಯನ್ನು ಯಾರಿಗೆ ತೋರಿಸುವುದು ಅಂತ ಅಳುತ್ತಾಳೆ. ಆ ಸಾಲು ನನ್ನಿಂದ ಬರುತ್ತಿರಲಿಲ್ಲ.

ಹೀಗೆ ಬದಲಾಯಿಸಬಾರದು ಅನ್ನುವವರಿದ್ದಾರೆ. ಪಂಚತಂತ್ರ ಒಂದೇ ರೂಪದಲ್ಲಿ ಯಾವತ್ತೂ ಇರಲಿಲ್ಲ. 1031ರ ಸುಮಾರಿಗೆ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದದ್ದು ವಿಷ್ಣುಶರ್ಮನ ಪಾಠದಿಂದ ಅಲ್ಲ, ವಸುಭಾಗಭಟ್ಟನ ಪಾಠದಿಂದ. ಆದರೆ ಒಂದು ಮಾತಿಗೆ ನಾನು ಹಟ ಹಿಡಿದೆ. “ಹೃದಯ ಮರದ ಮೇಲೆ ಬಿಟ್ಟು ಬಂದಿದ್ದೇನೆ” ಅನ್ನುವ ಮಂಗನ ಸುಳ್ಳು ಇರಲೇಬೇಕು. ಅದು ಹೋದರೆ ಕತೆಯೇ ಹೋಯಿತು. ಕೊನೆಯಲ್ಲಿ ನೀತಿ ಬರೆಯಲು ಮಾತ್ರ ಬಿಡಲಿಲ್ಲ.

ಮಲ್ಪೆಯ ಹುಡುಗಿಯ ಕತೆ ಇನ್ನೂ ಮುಗಿದಿಲ್ಲ. ಮೊನ್ನೆ ಅಕ್ಕನ ಮಗಳು ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದಳು: “ಅವಳು ಉದ್ದ ಆಗ್ತಾಳಲ್ವಾ? ಆಗ ಇನ್ನೂ ಆಳಕ್ಕೆ ಹೋಗ್ಬೇಕು.” ಐದನೇ ಅಧ್ಯಾಯ ಪೂರ್ತಿ ಹೊಡೆದು ಹಾಕಿ, ಅಲ್ಲಿಂದಲೇ ಬರೆಯುತ್ತಿದ್ದೇನೆ.