ಇಸ್ತಾಂಬುಲ್‌ನ ಟಿ1 ಟ್ರಾಮ್: ಅರಮನೆ ನೋಡಲು ತೊಪ್ಕಾಪಿಯಲ್ಲಿ ಇಳಿಯಬೇಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯಿಂದ ಗಲ್ಫಿನಲ್ಲಿರುವ ಮಕ್ಕಳ ಮನೆಗೆ ಹೋದ ಹಿರಿಯರು ಅಲ್ಲಿಂದಲೇ ಇಸ್ತಾಂಬುಲ್ ನೋಡಿ ಬರುವುದುಂಟು. ಅಂಥವರು ಮೊದಲು ತಿಳಿದಿರಬೇಕಾದ್ದು ಒಂದೇ. ಸುಲ್ತಾನರ ತೊಪ್ಕಾಪಿ ಅರಮನೆ ಟಿ1 ಟ್ರಾಮಿನ ತೊಪ್ಕಾಪಿ ನಿಲ್ದಾಣದಲ್ಲಿ ಇಲ್ಲ. ಆ ನಿಲ್ದಾಣ ಇರುವುದು ಹಳೆಯ ಕೋಟೆಗೋಡೆಯ ಪಡುವಣ ಬಾಗಿಲ ಬಳಿ, ಸುಲ್ತಾನಹ್ಮೆತ್‌ನಿಂದ ಹತ್ತು ನಿಲ್ದಾಣ ಆಚೆ. ಅರಮನೆಗೆ ಗುಲ್ಹಾನೆ ಅಥವಾ ಸುಲ್ತಾನಹ್ಮೆತ್‌ನಲ್ಲಿ ಇಳಿಯಬೇಕು. ಹೆಸರು ನಂಬಿ ಅಲ್ಲಿಯವರೆಗೆ ಹೋದರೆ ಒಂದು ಗಂಟೆ ದಂಡ, ಹೊರಗೆ ಬಂದು ಮತ್ತೆ ಗೇಟು ದಾಟಲು ಇನ್ನೊಮ್ಮೆ ದರ. ಮಂಗಳವಾರ ಅರಮನೆಗೇ ರಜೆ.

ಶಾರ್ಜಾ, ದುಬೈಯಿಂದ ಬರುವ ಅಗ್ಗದ ವಿಮಾನಗಳಲ್ಲಿ ಹಲವು ಇಳಿಯುವುದು ಏಷ್ಯಾ ದಡದ ಸಬೀಹಾ ಗೋಕ್ಚೆನ್‌ನಲ್ಲಿ. ಅಲ್ಲಿ ಟ್ಯಾಕ್ಸಿಗೆ ಕೈ ಒಡ್ಡಬೇಡಿ. 2022ರಿಂದ ಎಂ4 ಮೆಟ್ರೋ ವಿಮಾನ ನಿಲ್ದಾಣಕ್ಕೇ ಬರುತ್ತದೆ. ಅದರಲ್ಲಿ ಐರಿಲಿಕ್ ಚೆಶ್ಮೆಸಿಗೆ ಬಂದು, ಸಮುದ್ರದಡಿಯ ಮರ್ಮರಾಯ್ ರೈಲು ಹಿಡಿದರೆ ಎರಡನೆಯ ನಿಲ್ದಾಣವೇ ಸಿರ್ಕೆಜಿ. ಮೇಲೆ ಬಂದರೆ ಟಿ1 ಟ್ರಾಮ್. ಸಿರ್ಕೆಜಿ ನಿಲ್ದಾಣ ತುಂಬಾ ಆಳದಲ್ಲಿದೆ, ಎಸ್ಕಲೇಟರ್‌ಗಳು ಉದ್ದ. ಗಂಟುನೋವಿನವರು, ದೊಡ್ಡ ಪೆಟ್ಟಿಗೆಯವರು ಲಿಫ್ಟ್ ಹುಡುಕಿ.

ದುಡ್ಡು ಸೋರುವುದು ಇಲ್ಲಿಯೇ. ಮರ್ಮರಾಯ್‌ನ ದರ ದೂರದ ಲೆಕ್ಕ. ಟ್ರಾಮ್, ಮೆಟ್ರೋ, ರೈಲಿಗೆಲ್ಲ ಹಣ ತುಂಬಿ ಬಳಸುವುದು ಇಸ್ತಾಂಬುಲ್ ಕಾರ್ಡ್. ಒಳಹೋಗುವಾಗ ಆ ಕಾರ್ಡಿನಿಂದ ಇಡೀ ಮಾರ್ಗದ ಗರಿಷ್ಠ ದರ ಕಡಿತವಾಗುತ್ತದೆ. ಹೊರಬರುವಾಗ ಗೇಟಿನ ಹತ್ತಿರ ‘ಇಯಾದೆ’ (ಮರುಪಾವತಿ) ಎಂದು ಬರೆದ ಯಂತ್ರಕ್ಕೆ ಕಾರ್ಡ್ ತೋರಿಸಿದರೆ ಮಾತ್ರ ಉಳಿದದ್ದು ವಾಪಸ್. ಗೇಟು ತಾನಾಗಿ ಕೊಡುವುದಿಲ್ಲ, ಯಾರೂ ನೆನಪಿಸುವುದೂ ಇಲ್ಲ. ಈ ಕಾರಣಕ್ಕೇ ತಲೆಗೊಂದು ಇಸ್ತಾಂಬುಲ್ ಕಾರ್ಡ್ ಇರುವುದು ಒಳ್ಳೆಯದು. ಟ್ರಾಮಿನಲ್ಲಿ ಈ ರಗಳೆ ಇಲ್ಲ. ಹತ್ತುವ ಮುಂಚೆ ಗೇಟಿನಲ್ಲಿ ಒಮ್ಮೆ ತೋರಿಸಿದರೆ ಸಾಕು.

ಕಾರ್ಡಿಗೆ ಹಣ ತುಂಬುವ ಯಂತ್ರ ಚಿಲ್ಲರೆ ಕೊಡುವುದಿಲ್ಲ, ಹಾಕಿದ ನೋಟು ಪೂರ್ತಿ ಕಾರ್ಡಿಗೇ ಹೋಗುತ್ತದೆ. ಹಾಗಾಗಿ ಸಣ್ಣ ನೋಟು ಇರಲಿ. ಸಹಾಯ ಮಾಡುತ್ತೇನೆಂದು ಬದಿಗೆ ಬಂದು ನಿಲ್ಲುವವರ ಕೈಗೆ ನೋಟು ಕೊಡಲೇಬೇಡಿ.

ಟಿ1 ಶುರುವಾದದ್ದು 1992ರಲ್ಲಿ. ಇಸ್ತಿಕ್ಲಾಲ್ ಬೀದಿಯಲ್ಲಿ ಓಡುವ ಕೆಂಪು ಹಳೆಯ ಟ್ರಾಮ್ ಬೇರೆ, ಇದು ತಗ್ಗು ನೆಲದ ಉದ್ದನೆಯ ಹೊಸ ಗಾಡಿ. ಸಂಜೆ ಎಮಿನೋನು, ಬೆಯಾಝಿತ್‌ಗಳಲ್ಲಿ ಹತ್ತುವುದೆಂದರೆ ಮಂಗಳೂರಿನಿಂದ ತೆಂಕು ದಿಕ್ಕಿಗೆ ಹೊರಡುವ ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲು. ಪರ್ಸು ಮುಂದಿನ ಜೇಬಿನಲ್ಲಿರಲಿ. ಕೂತು ಹೋಗಬೇಕೆಂದರೆ ಕೊನೆಯ ನಿಲ್ದಾಣ ಕಬಾತಾಶ್‌ನಲ್ಲೇ ಹತ್ತಿ. ಎಮಿನೋನುವಿನಿಂದ ಸಿರ್ಕೆಜಿಗೆ, ಸುಲ್ತಾನಹ್ಮೆತ್‌ನಿಂದ ಇಳಿಜಾರಿನಲ್ಲಿ ಗುಲ್ಹಾನೆಗೆ ಟ್ರಾಮಿಗೆ ಕಾಯುವುದೇ ದಂಡ, ನಡೆಯಿರಿ.

ಊಟಕ್ಕೆ ಸುಲ್ತಾನಹ್ಮೆತ್ ಚೌಕದ ಹೋಟೆಲುಗಳನ್ನು ಬಿಟ್ಟುಬಿಡಿ. ಬೆಯಾಝಿತ್‌ನಲ್ಲಿ ಇಳಿದು ವಿಶ್ವವಿದ್ಯಾಲಯದ ಗೋಡೆ ಬಳಸಿ ಕಾಲು ಗಂಟೆ ನಡೆದರೆ ಸುಲೇಮಾನಿಯೆ ಮಸೀದಿ. ಅದರ ಎದುರಿನ ಸಾಲಿನಲ್ಲಿ ಬೀನ್ಸ್ ಊಟದ ಅಂಗಡಿಗಳಿವೆ. ಕುರು ಫಸುಲ್ಯೆ ಎಂದರೆ ಬಿಳಿ ಬೀನ್ಸ್ ಕಾಳನ್ನು ಟೊಮೆಟೊ ಹಾಕಿ ಮೆತ್ತಗೆ ಬೇಯಿಸಿದ ಗಟ್ಟಿ ಸಾರು. ಜೊತೆಗೆ ಬೆಣ್ಣೆಯ ಅನ್ನ, ಹುಳಿ ಉಪ್ಪಿನಕಾಯಿ, ಕುಡಿಯಲು ಉಪ್ಪು ಮಜ್ಜಿಗೆ. ಬ್ರೆಡ್ಡು ತಿಂದು ಬಾಯಿ ಸಪ್ಪೆಯಾದವರಿಗೆ ಇದರಷ್ಟು ಹಿತವಾದ, ಹೊಟ್ಟೆ ತುಂಬುವ ಅಗ್ಗದ ಊಟ ಹಳೆಯ ಪೇಟೆಯಲ್ಲಿ ಇನ್ನೊಂದಿಲ್ಲ. ಮಧ್ಯಾಹ್ನವೇ ಹೋಗಿ, ಆಗ ಪಾತ್ರೆ ಬಿಸಿಯಾಗಿರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಮಾಂಸದ ತುಂಡು ಕಾಣದಿದ್ದರೂ ಬೀನ್ಸಿಗೆ ಮಾಂಸ ಬೇಯಿಸಿದ ನೀರು, ಅನ್ನಕ್ಕೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಬೇಳೆ ಸೂಪಿಗೂ ಹಾಗೆಯೇ. ‘ಎತ್ಸಿಜ್’ (ಮಾಂಸವಿಲ್ಲದ್ದು) ಎಂದಷ್ಟೇ ಹೇಳಿದರೆ ತುಂಡು ತೆಗೆದು ಕೊಟ್ಟಾರು. ‘ಎತ್ ಸುಯು ವಾರ್ ಮಿ?’ (ಮಾಂಸ ಬೇಯಿಸಿದ ನೀರು ಇದೆಯೇ?) ಎಂದು ಕೇಳಿ. ‘ಯೋಕ್’ ಎಂದರೆ ಇಲ್ಲ ಎಂದರ್ಥ, ಆಮೇಲೆ ಕುಳಿತುಕೊಳ್ಳಿ.