48 ಚಾನೆಲ್, ಮೂರು ಗಡಿಯಾರ: ಪೀಣ್ಯ ಶೆಡ್ಡಿನ ಲಾಗ್

ಜನವರಿ, ಎರಡನೇ ಶನಿವಾರ

ಗುಜರಿಯವನು ತೂಕಕ್ಕೆ ಹಾಕಿ ಕೊಟ್ಟ ಮಾಲು ಇದು. ಯಾವುದೋ ಮುಚ್ಚಿದ ಟೆಸ್ಟ್ ರಿಗ್ಗಿನ 48 ಆಕ್ಸಿಲರೋಮೀಟರ್ (ಅದುರಾಟ ಅಳೆಯೋ ಸೆನ್ಸರ್), ಜೊತೆಗೆ ಅವುಗಳ ಸಿಗ್ನಲ್ಲನ್ನು ಅಂಕಿಯಾಗಿಸೋ 16 ಚಾನೆಲ್ಲಿನ ಮೂರು ಬೋರ್ಡು. ತಂದು ಹಾಕಿದ್ದು ಪೀಣ್ಯದಲ್ಲಿರೋ ಭಾವನ ಶೆಡ್ಡಿಗೆ. ಪಂಪು, ಬ್ಲೋವರ್, ಕಂಪ್ರೆಸರ್, ನಾಲ್ಕು ಲೇತು. ಅದುರುವ ವಸ್ತುಗಳಿಗೆ ಅಲ್ಲಿ ಬರವಿಲ್ಲ. ಇವುಗಳ ಅದುರಾಟ ಓದಿ ತೋರಿಸೋ ಸಾಫ್ಟ್‌ವೇರ್ ಬರೆಯೋದು ನನ್ನ ಯೋಜನೆ. ಭಾವನ ಷರತ್ತು ಒಂದೇ: "ಕೆಲಸದ ಹೊತ್ತಲ್ಲಿ ಮೆಷಿನ್ ನಿಲ್ಲಿಸೋ ಹಾಗಿಲ್ಲ ನೋಡಪ್ಪ. ಮಿಕ್ಕಿದ್ದು ನಿನ್ನಿಷ್ಟ."

ಮೊದಲು ಲೆಕ್ಕ. ಒಂದೊಂದು ಚಾನೆಲ್ಲಿಗೂ ಸೆಕೆಂಡಿಗೆ 25,600 ಸ್ಯಾಂಪಲ್, ಅಂದರೆ ಅಷ್ಟು ಅಳತೆ. 10,000 ಹರ್ಟ್ಜ್‌ವರೆಗೆ ನೋಡಬೇಕಾದರೆ ಅದರ 2.56 ಪಟ್ಟು ತೆಗೆಯೋದು ಈ ಕಸುಬಿನ ಹಳೇ ರೂಢಿ. 1024 ಸ್ಯಾಂಪಲ್ಲಿಗೆ ಸರಿಯಾಗಿ 400 ಗೆರೆಗಳ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಅದುರಾಟ ಅನ್ನೋ ಚಿತ್ರ) ಸಿಗುತ್ತೆ. 24 ಬಿಟ್ಟಿನ ಸ್ಯಾಂಪಲ್ಲನ್ನು ನಾಲ್ಕು ಬೈಟಲ್ಲಿಟ್ಟರೆ ಒಟ್ಟು ಸೆಕೆಂಡಿಗೆ 4.9 ಎಂಬಿ. ಚಿಲ್ಲರೆ ಅನ್ನಿಸಿತು. ದಿನಕ್ಕೆ ಗುಣಿಸಿ ನೋಡಿದೆ: 425 ಜಿಬಿ.

ಜನವರಿ, ಕೊನೆಯ ಭಾನುವಾರ

ಸಾಫ್ಟ್‌ವೇರಿನ ಮೊದಲ ಆವೃತ್ತಿ ಒಂದೇ ಲೂಪ್. ಬೋರ್ಡಿಂದ ಓದು, ಎಫ್‌ಎಫ್‌ಟಿ (ಅಲೆಯನ್ನು ಸ್ಪೆಕ್ಟ್ರಮ್ ಆಗಿಸೋ ಲೆಕ್ಕ) ಮಾಡು, ಪರದೆಗೆ ಬಿಡಿಸು, ಮತ್ತೆ ಓದು. ನಾಲ್ಕು ಚಾನೆಲ್ಲಿಗೆ ಬೆಣ್ಣೆ ಹಾಗೆ ಓಡಿತು. 48ಕ್ಕೆ ಗ್ರಾಫ್ ಝೂಮ್ ಮಾಡಿದಾಗಲೆಲ್ಲ ಡೇಟಾ ಉದುರಿಹೋಗುತ್ತಿತ್ತು, ಅದೂ ಸದ್ದಿಲ್ಲದೆ. ಪರದೆ ಮೇಲೆ ಅಲೆ ಚೆನ್ನಾಗೇ ಕಾಣುತ್ತಿತ್ತು!

ಎಲ್ಲ ಕಿತ್ತು ಹಾಕಿದೆ. ಈಗ ಓದುವ ಥ್ರೆಡ್ಡಿಗೆ (ಪ್ರೋಗ್ರಾಮಿನಲ್ಲಿ ಬೇರೆಯಾಗಿ ಓಡೋ ಭಾಗ) ಬೇರೆ ಕೆಲಸವೇ ಇಲ್ಲ. ಬಂದದ್ದನ್ನು ರಿಂಗ್ ಬಫರ್‌ಗೆ ಹಾಕಬೇಕು, ಯಾರಿಗೂ ಕಾಯಬಾರದು. ಬಫರ್ ಗಾಣದೆತ್ತಿನ ಹಾಗೆ ಸುತ್ತುತ್ತಾ ಹಳೇದರ ಮೇಲೆ ಹೊಸದು ಬರೆಯುತ್ತೆ. ಹತ್ತು ಸೆಕೆಂಡಿನ ದಾಸ್ತಾನಿಗೆ 49 ಎಂಬಿ ಸಾಕು. ಡಿಸ್ಕಿಗೆ ಬರೆಯೋರು, ಲೆಕ್ಕ ಮಾಡೋರು, ಪರದೆ ನೋಡಿಕೊಳ್ಳೋರು ತಮ್ಮ ತಮ್ಮ ವೇಗದಲ್ಲಿ ಬಂದು ತೆಗೆದುಕೊಳ್ಳಲಿ. ಪ್ರತಿ ಬ್ಲಾಕಿಗೂ ಕ್ರಮಸಂಖ್ಯೆ. ನಡುವೆ ಸಂಖ್ಯೆ ತಪ್ಪಿದರೆ ಅಲ್ಲಿ ಖಾಲಿ ಅಂತ ಗುರುತು ಬೀಳುತ್ತೆ, ಸೊನ್ನೆ ತುಂಬೋದಿಲ್ಲ. ತುಂಬಿದರೆ ಆ ಅಂಚೇ ಸುತ್ತಿಗೆ ಏಟಿನ ಹಾಗೆ ಸ್ಪೆಕ್ಟ್ರಮ್ ತುಂಬಾ ಹರಡಿಕೊಳ್ಳುತ್ತೆ.

ಪರದೆಗೆ ಇನ್ನೊಂದು ತಿದ್ದುಪಡಿ: ಒಂದು ಪಿಕ್ಸೆಲ್ ಅಗಲಕ್ಕೆ ನೂರಾರು ಸ್ಯಾಂಪಲ್ ಬಂದಾಗ ಸರಾಸರಿ ತೆಗೆಯದೆ ಅವುಗಳಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಬಿಡಿಸೋದು. ಬೇರಿಂಗ್ ಪೆಟ್ಟು ಸರಾಸರಿಯಲ್ಲಿ ಕರಗಿಹೋಗುತ್ತೆ.

ಫೆಬ್ರವರಿ, ಮೊದಲ ಶನಿವಾರ

ಎಸ್‌ಪಿ ರೋಡಿಂದ ಕೇಬಲ್, ಬಿಎನ್‌ಸಿ ಕನೆಕ್ಟರ್ ತಂದು ಎಲ್ಲ ಜೋಡಿಸಿದ್ದಾಯ್ತು. 17ನೇ ಚಾನೆಲ್ ಕಂಪ್ರೆಸರ್ ಅಂತ ಬರೆದುಕೊಂಡಿದ್ದೆ. ಶೆಡ್ಡಿನ ಫಿಟ್ಟರ್ ಅಣ್ಣ ಸ್ಕ್ರೂಡ್ರೈವರ್ ಹಿಡಿಯಿಂದ ಕಂಪ್ರೆಸರ್ ಮೈಮೇಲೆ ಟಕ್ ಟಕ್ ಅಂತ ತಟ್ಟಿ, "ಸಾರ್, ನಿಮ್ದು 17 ಸುಮ್ನೆ ಕೂತಿದೆ, 23 ಕುಣೀತಾ ಇದೆ" ಅಂದರು. ಅವತ್ತೇ ಸಾಫ್ಟ್‌ವೇರಿಗೆ "ತಟ್ಟಿ ನೋಡು" ಅನ್ನೋ ಗುಂಡಿ ಬಂತು. ಒತ್ತಿ, ಸೆನ್ಸರ್ ಪಕ್ಕ ತಟ್ಟಿದರೆ ಅದರ ಚಾನೆಲ್ ಪರದೆ ಮೇಲೆ ಹಳದಿಯಾಗುತ್ತೆ. ಅಲ್ಲೇ ಹೆಸರು ಬರೆಯೋದು. 48ರಲ್ಲಿ ಐದು ಅದಲುಬದಲಾಗಿದ್ದವು.

ತಂತಿ ಕಿತ್ತುಹೋದ ಚಾನೆಲ್ ಇಡೀ ಶೆಡ್ಡಿನಲ್ಲೇ ಅತಿ ಆರೋಗ್ಯವಂತ ಮೆಷಿನ್ ಥರ ಕಾಣುತ್ತೆ ಅನ್ನೋದೂ ಅವತ್ತೇ ಗೊತ್ತಾಗಿದ್ದು. ಈಗ ಸೆನ್ಸರಿನ ಬಯಾಸ್ ವೋಲ್ಟೇಜನ್ನೂ (ಅದುರಾಟವಿಲ್ಲದಾಗಲೂ ತಂತಿಯಲ್ಲಿ ನಿಂತಿರೋ ವೋಲ್ಟೇಜು) ನೋಡುತ್ತೇನೆ. 8ರಿಂದ 12 ವೋಲ್ಟ್ ಇದ್ದರೆ ಸರಿ, 24ರ ಹತ್ತಿರ ಹೋದರೆ ತಂತಿ ಕಿತ್ತಿದೆ, ಸೊನ್ನೆಗಿಳಿದರೆ ಶಾರ್ಟ್.

ಫೆಬ್ರವರಿ, ಮೂರನೇ ವಾರ

ಈ ವಾರ ಮಾನ ಹೋಯ್ತು.

ಪಂಪನ್ನು ಮೋಟಾರಿಗೆ ಜೋಡಿಸೋ ಕಪ್ಲಿಂಗಿನ ಎರಡೂ ಬದಿಗೆ ಅಕ್ಷದ ದಿಕ್ಕಿನಲ್ಲಿ ಒಂದೊಂದು ಸೆನ್ಸರ್ ಇದೆ. ಒಂದು ಮೊದಲ ಬೋರ್ಡಿಗೆ, ಇನ್ನೊಂದು ಎರಡನೆಯದಕ್ಕೆ. ನಿಮಿಷಕ್ಕೆ 1440 ಸುತ್ತು, ಅಂದರೆ 24 ಹರ್ಟ್ಜ್. ಶುರು ಮಾಡಿದ ಅರ್ಧ ಗಂಟೆಗೆ ಎರಡರ ಫೇಸ್ (ಅಲೆ ಸುತ್ತಿನ ಯಾವ ಹಂತದಲ್ಲಿದೆ ಅನ್ನೋದು) ವ್ಯತ್ಯಾಸ 180 ಡಿಗ್ರಿ, ಅಂದರೆ ಒಂದು ಆಚೆ ಹೋದಾಗ ಇನ್ನೊಂದು ಈಚೆ. ಪುಸ್ತಕದ ಪ್ರಕಾರ ಎರಡು ಶಾಫ್ಟುಗಳ ಅಲೈನ್‌ಮೆಂಟ್ ತಪ್ಪಿದ ಲಕ್ಷಣ. ದೊಡ್ಡ ತಜ್ಞನ ಥರ ಭಾವನಿಗೆ ಹೇಳಿಬಿಟ್ಟೆ. ಊಟದ ಹೊತ್ತಲ್ಲಿ ಪಂಪ್ ನಿಲ್ಲಿಸಿ ಫಿಟ್ಟರ್ ಅಣ್ಣ ಡಯಲ್ ಗೇಜ್ ಇಟ್ಟು ನೋಡಿದರು. ಒಂದು ಚೂರೂ ಆಚೀಚೆ ಇಲ್ಲ. ಮತ್ತೆ ಓಡಿಸಿ ಹೊಸದಾಗಿ ರೆಕಾರ್ಡಿಂಗ್ ಶುರು ಮಾಡಿದೆ: ಮೊದಲು ಸೊನ್ನೆ, ಅರ್ಧ ಗಂಟೆಗೆ 180, ಒಂದು ಗಂಟೆಗೆ ಮತ್ತೆ ಸೊನ್ನೆಯ ಹತ್ತಿರ. ಪಂಪು ತನ್ನಷ್ಟಕ್ಕೆ ಕೆಟ್ಟು ತನ್ನಷ್ಟಕ್ಕೇ ರಿಪೇರಿಯಾಗುತ್ತಾ?

ಮೂರೂ ಬೋರ್ಡಿನ ಒಂದೊಂದು ಚಾನೆಲ್ ಬಿಡಿಸಿಕೊಂಡು, ಒಂದೇ ಟ್ಯಾಕೋ ಪಲ್ಸನ್ನು (ಶಾಫ್ಟಿನ ಸುತ್ತು ಎಣಿಸೋ ಸಿಗ್ನಲ್) ಮೂರಕ್ಕೂ ಕೊಟ್ಟೆ. ಒಂದು ಗಂಟೆ ಆದ ಮೇಲೆ ಅದೇ ಪಲ್ಸ್ ಮೊದಲ ಎರಡು ಬೋರ್ಡುಗಳಲ್ಲಿ 40 ಮಿಲಿಸೆಕೆಂಡ್ ಹಿಂದೆಮುಂದೆ. ಕಳ್ಳ ಸಿಕ್ಕ. ಒಂದೊಂದು ಬೋರ್ಡಿಗೂ ಅದರದೇ ಕ್ರಿಸ್ಟಲ್ ಗಡಿಯಾರ, ಎರಡರ ನಡುವೆ ಹತ್ತು ಲಕ್ಷಕ್ಕೆ 11ರಷ್ಟು ವ್ಯತ್ಯಾಸ. ಕ್ರಿಸ್ಟಲ್ಲಿಗೆ ಅದೇನೂ ಅವಮಾನವಲ್ಲ. ಆದರೆ 24 ಹರ್ಟ್ಜ್‌ನಲ್ಲಿ ಒಂದು ಸುತ್ತಿಗೇ 41.7 ಮಿಲಿಸೆಕೆಂಡ್. ಗಂಟೆಗೊಮ್ಮೆ ನನ್ನ ಫೇಸ್ ಹೆಚ್ಚುಕಡಿಮೆ ಪೂರ್ತಿ ಪ್ರದಕ್ಷಿಣೆ ಹಾಕುತ್ತಿತ್ತು.

ಸಾಫ್ಟ್‌ವೇರಲ್ಲೇ ಹಿಗ್ಗಿಸಿ ಕುಗ್ಗಿಸಿ ಸರಿಮಾಡೋಕೆ ಎರಡು ರಾತ್ರಿ ಕೂತೆ. ಶೆಡ್ ಬಿಸಿಯಾದ ಹಾಗೆ ವ್ಯತ್ಯಾಸವೂ ಜಾರುತ್ತೆ, ಹಿಂದೆ ಬಿದ್ದು ಓಡೋದೇ ಕೆಲಸವಾಯ್ತು. ಕೊನೆಗೆ ಮೊದಲ ಬೋರ್ಡಿನ ಕ್ಲಾಕನ್ನೇ ತಂತಿ ಎಳೆದು ಮಿಕ್ಕೆರಡಕ್ಕೆ ಕೊಟ್ಟೆ, ಶುರುವಿನ ಟ್ರಿಗರನ್ನೂ ಸೇರಿಸಿ. ಟ್ಯಾಕೋ ಚಾನೆಲ್‌ಗಳನ್ನು ಹಾಗೇ ಸಾಕ್ಷಿಗೆ ಉಳಿಸಿಕೊಂಡಿದ್ದೇನೆ. ಪಲ್ಸ್ ಒಂದು ಸ್ಯಾಂಪಲ್ಲಿಗಿಂತ, ಅಂದರೆ 39 ಮೈಕ್ರೋಸೆಕೆಂಡಿಗಿಂತ ಹೆಚ್ಚು ಸರಿದರೆ ಫೇಸ್ ಕಾಲಮ್ಮೇ ಮುಚ್ಚಿಕೊಳ್ಳುತ್ತೆ. ಮೆಷಿನ್ ನೋಡೋಕೆ ಈಗ 45 ಚಾನೆಲ್ ಅಷ್ಟೆ.

ಮಾರ್ಚ್, ಎರಡನೇ ಭಾನುವಾರ

ಎಲ್ಲ ಕಚ್ಚಾ ಡೇಟಾ ಇಟ್ಟುಕೊಳ್ಳೋ ಆಸೆ ಬಿಟ್ಟೆ. ಸೆಕೆಂಡಿಗೊಂದು ಆರ್‌ಎಂಎಸ್ (ಒಟ್ಟು ಅದುರಾಟದ ಮಟ್ಟ), ಹತ್ತು ನಿಮಿಷಕ್ಕೊಂದು ಸ್ಪೆಕ್ಟ್ರಮ್. ಮಿತಿ ದಾಟಿದಾಗ ಮಾತ್ರ ಅದಕ್ಕೆ ಐದು ಸೆಕೆಂಡ್ ಹಿಂದಿನಿಂದ ಕಚ್ಚಾ ಅಲೆ.

ಹಾಗೆ ಉಳಿದ ಒಂದು ಕಡತದಲ್ಲಿ ಬ್ಲೋವರ್ ಮೋಟಾರಿನ ಹಿಂದಿನ ಬೇರಿಂಗ್ ಸಿಕ್ಕಿದೆ. ಅದರ ಮಾದರಿ ಸಂಖ್ಯೆ 6205. ಒಂಬತ್ತು ಗುಂಡಿನ ಆ ಬೇರಿಂಗಿನ ಹೊರ ರೇಸಿನಲ್ಲಿ (ಗುಂಡುಗಳು ಉರುಳೋ ಹೊರ ಬಳೆ) ಗಾಯವಾದರೆ ಶಾಫ್ಟಿನ ಒಂದೊಂದು ಸುತ್ತಿಗೂ ಸುಮಾರು 3.58 ಪೆಟ್ಟು, ಇದೂ ಓಡುವ 24 ಹರ್ಟ್ಜ್ ವೇಗಕ್ಕೆ 86 ಹರ್ಟ್ಜ್. ಎನ್ವಲಪ್ ಸ್ಪೆಕ್ಟ್ರಮ್ಮಿನಲ್ಲಿ (ಪೆಟ್ಟುಗಳು ಸೆಕೆಂಡಿಗೆ ಎಷ್ಟು ಸಲ ಮರಳುತ್ತವೆ ಅಂತ ತೋರಿಸೋದು) 86, 172, 258 ಸಾಲಾಗಿ ನಿಂತಿವೆ. ಫಿಟ್ಟರ್ ಅಣ್ಣ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿ, "ನಂಗೇನೂ ಕೇಳಿಸ್ತಿಲ್ಲ ಸಾರ್" ಅಂದರು. ಡಯಲ್ ಗೇಜ್ ನೆನಪಾಗಿ ನಾನೂ ಜಾಸ್ತಿ ವಾದಿಸಲಿಲ್ಲ. ಭಾವ ಹೊಸ ಬೇರಿಂಗ್ ತರಿಸಿಟ್ಟಿದ್ದಾರೆ. ಯುಗಾದಿ ರಜೆಗೆ ಬಿಚ್ಚೋದು.