ಪೈನ್ ತೋಪಿನಲ್ಲಿ ಎತ್ತರದ ಅಳತೆಯ ದಿನ

ನ್ಯೂಜಿಲೆಂಡ್‌ನಲ್ಲಿ ನೆಟ್ಟು ಬೆಳೆಸಿದ ಕಾಡುಗಳಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾ ಮೂಲದ ರೇಡಿಯೇಟಾ ಪೈನ್. ಅಲ್ಲಿ ಅಳತೆಯ ದಿನ ಮೊದಲು ಆಗಬೇಕಾದದ್ದು ಮರದ ಎತ್ತರ ಅಳೆಯುವ ವರ್ಟೆಕ್ಸ್ ಉಪಕರಣವನ್ನು ಬೆಚ್ಚಗಿನ ಜೇಬಿನಿಂದ ಹೊರಗಿಟ್ಟು, ಹೊರಗಿನ ಗಾಳಿಯ ತಾಪಕ್ಕೆ ಬರಲು ಬಿಡುವುದು. ಅದು ದೂರ ಅಳೆಯುವುದು ಶಬ್ದದಿಂದ. ತಾಪ ಬದಲಾದರೆ ಶಬ್ದದ ವೇಗವೂ ಬದಲಾಗುತ್ತದೆ. ಆಮೇಲೆ ಟೇಪಿನ 10 ಮೀಟರಿಗೆ ಸರಿಹೊಂದಿಸಬೇಕು.

ಪ್ಲಾಟು, ಅಂದರೆ ಅಳತೆಗೆ ಗುರುತಿಸಿದ ತುಂಡು ಜಾಗ, 0.04 ಹೆಕ್ಟೇರಿನ ವೃತ್ತವಾದರೆ ತ್ರಿಜ್ಯ 11.28 ಮೀಟರ್. ಇಳಿಜಾರಿನಲ್ಲಿ ಇದನ್ನು ಹೆಚ್ಚಿಸದಿದ್ದರೆ ಪ್ಲಾಟೇ ಕಿರಿದಾಗುತ್ತದೆ. ಕಾಂಡದ ವ್ಯಾಸವನ್ನು ನೆಲದಿಂದ 1.4 ಮೀಟರ್ ಮೇಲೆ, ಇಳಿಜಾರಿನ ಮೇಲ್ಬದಿಯಲ್ಲಿ ನಿಂತು, ಪ್ರತಿ ಮರಕ್ಕೂ ಹಿಡಿಯುತ್ತೇವೆ. ಎತ್ತರ ಮಾತ್ರ ಆಯ್ದ ಮರಗಳಿಗೆ; ಉಳಿದವುಗಳ ಎತ್ತರವನ್ನು ವ್ಯಾಸದಿಂದ ಒಂದು ಸೂತ್ರ ಅಂದಾಜಿಸುತ್ತದೆ.

ಆ ಆಯ್ಕೆಯಲ್ಲೇ ಸೂತ್ರದ ಹಣೆಬರಹವಿದೆ. ದಪ್ಪ ಮರಗಳ ಜೊತೆಗೆ ಸಣಕಲು ಮರಗಳೂ ಬೇಕು. ತುದಿ ಮುರಿದವನ್ನು ಎತ್ತರದ ಅಳತೆಯಿಂದ ಬಿಡಿ, ವ್ಯಾಸದ ಪಟ್ಟಿಯಿಂದ ಮಾತ್ರ ತೆಗೆಯಬೇಡಿ. ವಾಲಿದ ಮರಕ್ಕೆ ವಾಲಿಕೆಯ ದಿಕ್ಕಿಗೆ ಅಡ್ಡವಾಗಿ ನಿಲ್ಲಬೇಕು. 27 ಮೀಟರಿನ ಮರದ ತುದಿ ನಮ್ಮ ಕಡೆಗೆ 2 ಮೀಟರ್ ಬಾಗಿದ್ದು, ನಾವು ಬುಡದಿಂದ 20 ಮೀಟರ್ ದೂರದಲ್ಲಿದ್ದರೆ ಲೆಕ್ಕಕ್ಕೆ ಸುಮಾರು 30 ಮೀಟರ್ ಬರುತ್ತದೆ! ಯಾವ ಸೂತ್ರವೂ ಇದನ್ನು ಆಮೇಲೆ ತಿದ್ದಲಾರದು.

ವ್ಯಾಸದಿಂದ ಎತ್ತರ ಅಂದಾಜಿಸಲು ಅಲ್ಲಿ ರೂಢಿಯಲ್ಲಿರುವುದು ಪೆಟರ್‌ಸನ್ ವಕ್ರರೇಖೆ. ಎತ್ತರದಿಂದ 1.4 ಕಳೆದು, ಉಳಿದದ್ದನ್ನು −0.4ರ ಘಾತಕ್ಕೆ ಏರಿಸಿ, 1/ವ್ಯಾಸದ ಎದುರು ಇಟ್ಟರೆ ಹೆಚ್ಚುಕಡಿಮೆ ನೇರ ಗೆರೆ. ಇದು ಏಕೆ ಬೇಕೆಂದು ಒಂದು ಲೆಕ್ಕ ತೋರಿಸುತ್ತದೆ. 30 ಸೆಂಟಿಮೀಟರ್ ವ್ಯಾಸದ ಮರ 27 ಮೀಟರ್, 40ರದ್ದು 30 ಮೀಟರ್ ಎಂದುಕೊಳ್ಳಿ. 10 ಸೆಂಟಿಮೀಟರಿನ ಮರಕ್ಕೆ ಸಾದಾ ಸರಳರೇಖೆ ಹೇಳುವುದು 21 ಮೀಟರ್. ಪೆಟರ್‌ಸನ್ ಹೇಳುವುದು ಸುಮಾರು 13.6. 50ಕ್ಕೆ ಹೋದರೆ ಅಂತರ ಒಂದೇ ಮೀಟರ್, 33ಕ್ಕೆ ಎದುರಾಗಿ 32. ಸಣ್ಣ ಮರಗಳನ್ನು ಅಳೆಯದೆ ಬಿಟ್ಟರೆ ತಪ್ಪು ಎಲ್ಲಿ ಅಡಗುತ್ತದೆ ಎಂಬುದು ಇದರಲ್ಲೇ ಕಾಣುತ್ತದೆ.

ರೇಖೆ ಸಿಕ್ಕ ಮೇಲೆ ಹೆಕ್ಟೇರಿಗೆ ಅತಿ ದಪ್ಪ 100 ಮರಗಳನ್ನು, ಅಂದರೆ ಈ ಪ್ಲಾಟಿನಲ್ಲಿ 4ನ್ನು, ತೆಗೆದುಕೊಳ್ಳುತ್ತೇವೆ. ಅವುಗಳ ವ್ಯಾಸದ ವರ್ಗಗಳ ಸರಾಸರಿಯ ವರ್ಗಮೂಲವನ್ನು ರೇಖೆಗೆ ಕೊಟ್ಟರೆ ಬರುವುದೇ ತೋಪಿನ ಮೇಲ್ಸ್ತರದ ಸರಾಸರಿ ಎತ್ತರ. 20ನೇ ವಯಸ್ಸಿನಲ್ಲಿ ಇದು ಎಷ್ಟಿರುತ್ತದೆ ಎಂಬುದರ ಮೇಲೆಯೇ ಅಲ್ಲಿ ನೆಲದ ಫಲವತ್ತತೆಯನ್ನು ತೂಗುತ್ತಾರೆ.

ಹಿಂದಿನ ಅಳತೆಯ ಗುಣಾಂಕಗಳನ್ನು, ಅಂದರೆ ರೇಖೆಯನ್ನು ನಿರ್ಧರಿಸುವ ಸಂಖ್ಯೆಗಳನ್ನು, ಮಾತ್ರ ಮತ್ತೆ ಬಳಸಬಾರದು. ಒತ್ತಾಗಿ ಬೆಳೆದ ಹಳೆಯ ತೋಪಿನಲ್ಲಿ ಅದೇ 30 ಸೆಂಟಿಮೀಟರಿನ ಮರ, ಎಳೆಯ ತೋಪಿನದಕ್ಕಿಂತ ಎಷ್ಟೋ ಎತ್ತರವಿರುತ್ತದೆ. ರೇಖೆಯಿಂದ ತೀರಾ ದೂರ ನಿಂತ ಮರವಿದ್ದರೆ ಪ್ಲಾಟು ಬಿಡುವ ಮುನ್ನವೇ, ಬೇರೆ ದಿಕ್ಕಿನಿಂದ, ಇನ್ನೊಮ್ಮೆ ಅಳೆಯಿರಿ.